ಎರಡೂ ಕಡೆ ಟಿಕ್ ಹಾಕಿದೆವು

ನಾನಿರುವುದು ಅಮೆರಿಕದ ಮೇರಿಲ್ಯಾಂಡಿನಲ್ಲಿ. ಶನಿವಾರ ಇಲ್ಲಿನ ಒಂದು ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋಗುತ್ತೇನೆ. ವಕೀಲೆಯಲ್ಲ, ಬಂದವರು ಹೇಳಿದ್ದನ್ನು ಬರೆದುಕೊಂಡು ಕಾಗದಪತ್ರ ಜೋಡಿಸಿಕೊಡುತ್ತೇನೆ.

ಅವತ್ತು ಬಂದಿದ್ದವರು ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸ ಮಾಡುವ ಕಪ್ಪು ಮಹಿಳೆ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರ ಬಿಟ್ಟಿದ್ದೇನೆ.) ರಾತ್ರಿ ಪಾಳಿಯ ಮೇಲ್ವಿಚಾರಕ ಮೈಮೇಲೆ ಕೈ ಹಾಕುತ್ತಿದ್ದ. ಇವರು ಬೇಡ ಅಂದ ಮೇಲೆ ಪಾಳಿ ಕಡಿಮೆ ಮಾಡಿದ. ಅವರು ಮೊದಲು ಕೇಳಿದ್ದು ಒಂದೇ: "ದೂರು ಕೊಟ್ಟರೆ ಇರೋ ಕೆಲಸವೂ ಹೋಗುತ್ತಾ?"

ನಮ್ಮ ವಕೀಲೆಯೂ ಕಪ್ಪು ಮಹಿಳೆಯೇ. ಸುಮ್ನೆ ಧೈರ್ಯ ತುಂಬಲಿಲ್ಲ. "ದೂರು ಕೊಟ್ಟಿದ್ದಕ್ಕೆ ತೆಗೆದರೆ ಅದೂ ಕಾನೂನಿಗೆ ವಿರುದ್ಧವೇ. ಹಾಗಂತ ತೆಗೆಯುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ" ಎಂದರು.

ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಕೊಡುವ ದೂರಿನಲ್ಲಿ ತಾರತಮ್ಯಕ್ಕೆ ಕಾರಣ ಏನು ಎಂದು ಗುರುತು ಹಾಕಬೇಕು. ಅವರು 'ಲಿಂಗ' ಎಂಬಲ್ಲಿ ಮಾತ್ರ ಟಿಕ್ ಹಾಕಿದರು. ವಕೀಲೆ ಮೆಲ್ಲಗೆ ಕೇಳಿದರು: "ಅವನು ನಿಮ್ಮನ್ನ ಏನಂತ ಕರೀತಿದ್ದ?" ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. ಆ ಮಾತನ್ನು ಇಲ್ಲಿ ಬರೆಯಲಾರೆ. ಬಿಳಿ ಹೆಂಗಸಿಗೆ ಯಾರೂ ಹಾಗೆ ಅನ್ನುವುದಿಲ್ಲ. 'ಜನಾಂಗ' ಎಂಬಲ್ಲೂ ಟಿಕ್ ಬಿತ್ತು.

ಅದರಿಂದ ಏನು ವ್ಯತ್ಯಾಸ ಅಂತ ನನಗೆ ವಕೀಲೆ ಆಮೇಲೆ ಬಿಡಿಸಿ ಹೇಳಿದರು. ಲಿಂಗ ತಾರತಮ್ಯ ಸಾಬೀತಾದರೂ ಅನುಭವಿಸಿದ ನೋವಿಗೆ ಸಿಗುವ ಪರಿಹಾರ ಮತ್ತು ದಂಡರೂಪದ ಪರಿಹಾರಕ್ಕೆ 1991ರ ಕಾನೂನು ಮಿತಿ ಹಾಕಿದೆ. 15ರಿಂದ 100 ನೌಕರರಿರುವ ಕಡೆ ಹೆಚ್ಚೆಂದರೆ 50,000 ಡಾಲರ್. ಎಷ್ಟೇ ದೊಡ್ಡ ಕಂಪನಿಯಾದರೂ 3 ಲಕ್ಷ. ಜನಾಂಗ ತಾರತಮ್ಯಕ್ಕೆ 1866ರ ಇನ್ನೊಂದು ಕಾನೂನಿದೆ. ಅದರಡಿ ಮೊಕದ್ದಮೆ ಹೂಡಿದರೆ ಈ ಮಿತಿ ಇಲ್ಲ.

ಆದರೆ ಎರಡೂ ಒಟ್ಟಿಗೇ ಆಯಿತು ಎಂದು ಹೇಳಲು ಕಪ್ಪು ಹೆಂಗಸರಿಗೆ ಕೋರ್ಟುಗಳು ಸುಲಭಕ್ಕೆ ಬಿಡಲಿಲ್ಲ. 1976ರಲ್ಲಿ ಜನರಲ್ ಮೋಟರ್ಸ್ ವಿರುದ್ಧ ಹೋದವರಿಗೆ, ಜನಾಂಗ ಅನ್ನಿ ಅಥವಾ ಲಿಂಗ ಅನ್ನಿ, ಎರಡನ್ನೂ ಬೆರೆಸಬೇಡಿ ಎಂಬಂಥ ತೀರ್ಪು ಬಂತು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಇದನ್ನೇ ಹಿಡಿದು ಪ್ರಶ್ನಿಸಿದರು.

ಕೆಲಸದ ಜಾಗದ ಲೈಂಗಿಕ ಕಿರುಕುಳ ಲಿಂಗ ತಾರತಮ್ಯವೇ ಎಂದು ಇಲ್ಲಿನ ಕೋರ್ಟುಗಳಿಂದ ಹೇಳಿಸಿದವರಲ್ಲಿ ಮೊದಲಿಗರು ಡಯಾನ್ ವಿಲಿಯಮ್ಸ್, ಪಾಲೆಟ್ ಬಾರ್ನ್ಸ್. ಬ್ಯಾಂಕ್ ನೌಕರಿಯಲ್ಲಿದ್ದ ಮಿಶೆಲ್ ವಿನ್ಸನ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1986ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಅದನ್ನು ಒಪ್ಪಿದರು. ಮೂವರೂ ಕಪ್ಪು ಮಹಿಳೆಯರು. ಇಲ್ಲಿ ಐಟಿ ಕೆಲಸದಲ್ಲಿರುವ ನನಗೂ ಅದೇ ಕಾನೂನಿನ ಆಸರೆ. ನಮ್ಮವರ ಮನೆಗಳಲ್ಲಿ ಊಟಕ್ಕೆ ಕೂತಾಗ ಕಪ್ಪು ಜನರ ಬಗ್ಗೆ ಹಗುರವಾಗಿ ಮಾತಾಡಿದರೆ ಈಗ ನನಗೆ ಸುಮ್ಮನಿರಲು ಆಗುವುದಿಲ್ಲ. ಹೇಳಿಬಿಡುತ್ತೇನೆ.

ಇಲ್ಲಿ ಆಯೋಗಕ್ಕೆ ದೂರು ಕೊಡಲು 300 ದಿನದ ಗಡುವು. ಆ ಆರೈಕೆ ಕೆಲಸದ ಮಹಿಳೆ ತಂಗಿಗೆ ಕಳಿಸಿದ್ದ ಮೆಸೇಜುಗಳಲ್ಲಿ ತಾರೀಖು ಸಿಕ್ಕಿತು. ಇನ್ನೂ ಸಮಯವಿತ್ತು. ಅದೇ ಪಾಳಿಯ ಇನ್ನೊಬ್ಬರು ಕಂಡದ್ದನ್ನು ಹೇಳಲು ಒಪ್ಪಿದ್ದಾರಂತೆ. ಬರುವ ಶನಿವಾರ ಅವರ ಹೇಳಿಕೆ ಬರೆದುಕೊಳ್ಳಬೇಕು.