ನಾಲಿಗೆಯ ಒಗರು ಮತ್ತು ಕ್ಯಾನ್ಸರ್ ಕೋಶ

ಗ್ರೀನ್ ಟೀ ಎಲೆಯನ್ನು ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟು ಕುಡಿದರೆ ನಾಲಿಗೆ ಮತ್ತು ಒಸಡುಗಳು ಒಣಗಿ ಹಿಡಿದುಕೊಂಡಂತಾಗುತ್ತವೆ. ಎಲೆಯಲ್ಲಿರುವ ಕ್ಯಾಟೆಚಿನ್‌ಗಳೆಂಬ ರಾಸಾಯನಿಕಗಳು ಜೊಲ್ಲಿನ ಪ್ರೋಟೀನ್‌ಗಳಿಗೆ ಅಂಟಿಕೊಂಡು ಅದರ ನುಣುಪನ್ನು ಕಳೆಯುವುದರಿಂದ ಹುಟ್ಟುವ ಒಗರು ಇದು. ಈ ಅಂಟುವ ಗುಣದ ಬಗ್ಗೆ ನಾನು ಓದತೊಡಗಿದ್ದು ಚಿಕ್ಕಮ್ಮನಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇರುವುದು ತಿಳಿದು, ಬಂಧುವೊಬ್ಬರು ಪ್ರೀತಿಯಿಂದ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಡಬ್ಬಿಯೊಂದನ್ನು ತಂದುಕೊಟ್ಟಾಗ.

ಕ್ಯಾಟೆಚಿನ್‌ಗಳಲ್ಲಿ ಪ್ರಮಾಣದಲ್ಲಿ ಮುಂದಿರುವುದು, ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವುದು ಇಜಿಸಿಜಿ ಎಂಬ ಅಣು. ಅದರ ಮೈಮೇಲೆ ಎಂಟು ಹೈಡ್ರಾಕ್ಸಿಲ್ ಗುಂಪುಗಳಿದ್ದು (ಆಮ್ಲಜನಕ ಮತ್ತು ಜಲಜನಕದ ಜೋಡಿಗಳು), ಅವುಗಳ ಮೂಲಕ ಅದು ಹತ್ತಾರು ಬಗೆಯ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳಬಲ್ಲದು. ಕೆಲವು ಕ್ಯಾನ್ಸರ್ ಕೋಶಗಳ ಹೊರಪೊರೆಯಲ್ಲಿ ಹೆಚ್ಚಾಗಿ ಕಾಣುವ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಹಿಡಿಯುವ ಗ್ರಾಹಕವೊಂದಕ್ಕೆ ಇಜಿಸಿಜಿ ಅಂಟಿಕೊಂಡು ಕೋಶದ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂಬುದನ್ನು ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದರು. ಕೋಶವು ಸಾಯದಂತೆ ತಡೆಯುವ ಬಿಸಿಎಲ್-2 ಗುಂಪಿನ ಪ್ರೋಟೀನ್‌ಗಳಿಗೂ, ಗೆಡ್ಡೆ ತನಗೆ ಬೇಕಾದ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳಲು ಬಳಸುವ ಸಂಕೇತಗಳಿಗೂ ಅದು ಅಡ್ಡ ಬರುತ್ತದೆ. ಕೋಶದೊಳಗೆ ಹಳೆಯ ಪ್ರೋಟೀನ್‌ಗಳನ್ನು ಕತ್ತರಿಸಿ ವಿಲೇವಾರಿ ಮಾಡುವ ಪ್ರೋಟಿಯಾಸೋಮ್ ಎಂಬ ಯಂತ್ರವನ್ನೂ ಅದು ನಿಧಾನಗೊಳಿಸುತ್ತದೆ. ಆಗ ಕಸ ತುಂಬಿಕೊಂಡ ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುವ ದಾರಿ ಹಿಡಿಯುತ್ತದೆ.

ಇದೆಲ್ಲವೂ ಬಹುಮಟ್ಟಿಗೆ ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು ಎಂಬುದನ್ನು ಮರೆಯಬಾರದು. ಅಲ್ಲಿ ಸಾಮಾನ್ಯವಾಗಿ ಬಳಸುವ ಇಜಿಸಿಜಿಯ ಸಾಂದ್ರತೆ 10ರಿಂದ 100 ಮೈಕ್ರೋಮೋಲಾರ್ (ದ್ರವದಲ್ಲಿ ಎಷ್ಟು ಅಣುಗಳು ಕರಗಿವೆ ಎಂಬುದರ ಅಳತೆ). ಎರಡು ಮೂರು ಕಪ್ ಕುಡಿದವರ ರಕ್ತದಲ್ಲಿ ಅದು ಒಂದು ಮೈಕ್ರೋಮೋಲಾರ್ ಕೂಡ ಮುಟ್ಟುವುದಿಲ್ಲ. ಕರುಳು ಅದನ್ನು ಕಷ್ಟದಿಂದ ಹೀರಿಕೊಳ್ಳುತ್ತದೆ, ಹೀರಿಕೊಂಡಷ್ಟನ್ನೂ ದೇಹ ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಇನ್ನೊಂದು ತೊಡಕು ನನಗೆ ಇದಕ್ಕಿಂತ ಮುಖ್ಯವೆನಿಸಿತು. ಕೋಶಗಳನ್ನು ಬೆಳೆಸುವ ದ್ರವದಲ್ಲಿ ಇಜಿಸಿಜಿ ತಾನಾಗಿಯೇ ಆಮ್ಲಜನಕದೊಂದಿಗೆ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತದೆ. ಹಾಗಾಗಿ ತಟ್ಟೆಯಲ್ಲಿ ಸತ್ತ ಕೋಶಗಳಲ್ಲಿ ಕೆಲವನ್ನು ಕೊಂದದ್ದು ಆ ಪೆರಾಕ್ಸೈಡ್ ಆಗಿರಬಹುದು.

ಮನುಷ್ಯರಲ್ಲಿ ನಡೆದ ಪ್ರಯೋಗಗಳ ಪೈಕಿ 2006ರ ಇಟಲಿಯ ಅಧ್ಯಯನ ಬಹಳ ಭರವಸೆ ಹುಟ್ಟಿಸಿತ್ತು. ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆಗಳಿದ್ದ 60 ಪುರುಷರಲ್ಲಿ ಅರ್ಧದಷ್ಟು ಜನ ವರ್ಷವಿಡೀ ದಿನಕ್ಕೆ 600 ಮಿಲಿಗ್ರಾಂ ಕ್ಯಾಟೆಚಿನ್ ಸೇವಿಸಿದರು. ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಕಾಣಿಸಿಕೊಂಡರೆ, ಹುಸಿ ಮಾತ್ರೆ ಪಡೆದ 30 ಜನರಲ್ಲಿ ಒಂಬತ್ತು ಮಂದಿಗೆ ಕಾಣಿಸಿಕೊಂಡಿತು. ಮುಂದೆ ಅಮೆರಿಕದಲ್ಲಿ ಇಂಥದ್ದೇ ಪ್ರಯೋಗ ನಡೆದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದ ವೈದ್ಯಕೀಯ ಪುರಾವೆಗಳನ್ನು ಅಳೆದು ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆಯೂ, ಗ್ರೀನ್ ಟೀ ಕ್ಯಾನ್ಸರನ್ನು ತಡೆಯುತ್ತದೆ ಎನ್ನಲು ಪುರಾವೆ ಸಾಲದು ಎಂದಿತು.

ಚಿಕ್ಕಮ್ಮನಿಗೆ ಕೊಡುತ್ತಿದ್ದ ಇಂಜೆಕ್ಷನ್ ಬೊರ್ಟೆಜೊಮಿಬ್. ಅದೂ ಪ್ರೋಟಿಯಾಸೋಮನ್ನೇ ತಡೆಯುವ ಔಷಧ. ಎರಡೂ ಒಂದೇ ಗುರಿಗೆ ಹೊಡೆಯುವುದರಿಂದ ಒಂದಕ್ಕೊಂದು ಬಲ ಕೊಡುತ್ತವೆ ಎಂದೇ ನಾನು ಅಂದುಕೊಂಡಿದ್ದೆ. ಆದರೆ ಬೊರ್ಟೆಜೊಮಿಬ್‌ನ ಕೆಲಸ ನಡೆಯುವುದು ಅದರಲ್ಲಿರುವ ಬೋರಾನ್ ಭಾಗದಿಂದ, ಇಜಿಸಿಜಿ ತನ್ನ ಹೈಡ್ರಾಕ್ಸಿಲ್ ಗುಂಪುಗಳಿಂದ ಆ ಬೋರಾನನ್ನೇ ಹಿಡಿದುಬಿಡುತ್ತದೆ. ಹೀಗೆ ಔಷಧ ನಿಷ್ಫಲವಾಗುವುದನ್ನು ಅಮೆರಿಕದ ಸಂಶೋಧಕರು 2009ರಲ್ಲಿ ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಕಂಡರು. ನಾಲಿಗೆಯ ಮೇಲೆ ಒಗರಾಗುವ ಗುಣವೇ ಇಲ್ಲಿ ಔಷಧದ ಕೈ ಕಟ್ಟಿಹಾಕುತ್ತದೆ.

ಇದನ್ನು ಓದಿದ ರಾತ್ರಿ ನನಗೆ ನಿಜಕ್ಕೂ ಭಯವಾಯಿತು. ಮರುದಿನ ಡಬ್ಬಿಯನ್ನು ಹಿಡಿದುಕೊಂಡೇ ಚಿಕ್ಕಮ್ಮನ ವೈದ್ಯರ ಬಳಿ ಹೋದೆವು. ಅವರು ಲೇಬಲ್ ಓದಿ, ಚಿಕಿತ್ಸೆ ಮುಗಿಯುವವರೆಗೆ ಕ್ಯಾಪ್ಸೂಲೂ ಬೇಡ, ಗ್ರೀನ್ ಟೀಯೂ ಬೇಡ ಎಂದರು. ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ಸೇವಿಸಿದವರ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು (ಯಕೃತ್ತಿಗೆ ಪೆಟ್ಟಾಗಿರಬಹುದೆಂಬ ಸೂಚನೆ) ಏರಿರುವುದನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಗುರುತಿಸಿರುವುದರಿಂದ, ಆ ಕಾರಣಕ್ಕೂ ಕ್ಯಾಪ್ಸೂಲ್ ಬೇಡವೆಂದು ನಾವು ನಿಶ್ಚಯಿಸಿದೆವು. ಡಬ್ಬಿಯ ಸೀಲನ್ನು ನಾವು ಒಡೆದಿರಲಿಲ್ಲ.