ಕ್ಯಾಬಿನೆಟ್ ಬಿಚ್ಚದೆ ಮದರ್‌ಬೋರ್ಡ್ ಗುರುತಿಸುವ ಪ್ರೋಗ್ರಾಮ್

ದಾವಣಗೆರೆಯ ಮಂಡಿಪೇಟೆಯಲ್ಲಿಯೂ ಎಪಿಎಂಸಿ ಪ್ರಾಂಗಣದಲ್ಲಿಯೂ ನಾನು ಲೆಕ್ಕಪತ್ರದ ತಂತ್ರಾಂಶ ನೋಡಿಕೊಳ್ಳುವ ಅಂಗಡಿಗಳ ಕಂಪ್ಯೂಟರುಗಳು ಹೆಚ್ಚಾಗಿ ಊರಿನಲ್ಲೇ ಅಸೆಂಬಲ್ ಮಾಡಿಸಿದವು. ಅವುಗಳ ಬಿಲ್ಲು ಸಿಗುವುದಿಲ್ಲ, ಬೋರ್ಡಿನ ಡಬ್ಬಿ ಎಂದೋ ರದ್ದಿಗೆ ಹೋಗಿರುತ್ತದೆ, ಜೋಡಿಸಿಕೊಟ್ಟ ಹುಡುಗ ಬೆಂಗಳೂರು ಸೇರಿರುತ್ತಾನೆ. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲಂತೂ, ಈ ಯಂತ್ರಕ್ಕೆ ರ‍್ಯಾಮ್ ಹಾಕಿಸಿದರೆ ಸಾಕೇ ಅಥವಾ ಹೊಸದನ್ನೇ ಕೊಳ್ಳಬೇಕೇ ಎಂಬ ಪ್ರಶ್ನೆ ಎಲ್ಲ ಅಂಗಡಿಗಳಲ್ಲೂ ಎದುರಾಗುತ್ತಿದೆ. ಉತ್ತರ ಹೇಳಬೇಕಾದರೆ ಒಳಗಿರುವ ಮದರ್‌ಬೋರ್ಡ್ ಯಾವುದೆಂದು ತಿಳಿಯಬೇಕು; ವ್ಯಾಪಾರದ ಹೊತ್ತಿನಲ್ಲಿ ಯಂತ್ರ ನಿಲ್ಲಿಸಿ ಕ್ಯಾಬಿನೆಟ್ ಬಿಚ್ಚಲು ಮಾಲೀಕರು ಒಪ್ಪುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಪ್ರೋಗ್ರಾಮಿಗೆ ವಹಿಸಿದ್ದೇನೆ.

ಬೋರ್ಡಿನ ಹೆಸರು ಕೇಳಲು ಎಲ್ಲರೂ ಮೊದಲು ಹೋಗುವುದು ಎಸ್‌ಎಂಬಯಾಸ್ ಕೋಷ್ಟಕಕ್ಕೆ. ಡಿಎಂಟಿಎಫ್ ಎಂಬ ಕೈಗಾರಿಕಾ ಒಕ್ಕೂಟ ನಿರ್ವಹಿಸುವ ಈ ಮಾನದಂಡದ ಪ್ರಕಾರ, ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಬಯಾಸ್ ಎಂಬ ಪ್ರೋಗ್ರಾಮ್ ತನ್ನ ಬಗ್ಗೆ, ಬೋರ್ಡಿನ ಬಗ್ಗೆ, ಪ್ರೊಸೆಸರ್ ಹಾಗೂ ರ‍್ಯಾಮ್ ಸ್ಲಾಟುಗಳ ಬಗ್ಗೆ ಒಂದು ವಿವರಪಟ್ಟಿಯನ್ನು ಮೆಮೊರಿಯಲ್ಲಿ ಬರೆದಿಡುತ್ತದೆ. ಹಳೆಯ ಬಯಾಸ್ ಯಂತ್ರಗಳಲ್ಲಿ ಮೊದಲ 1 ಎಂಬಿ ಮೆಮೊರಿಯ ಕೊನೆಯ 64 ಕೆಬಿಯನ್ನು 16 ಬೈಟುಗಳ ಅಂತರದಲ್ಲಿ ಹುಡುಕುತ್ತಾ ಹೋದರೆ ಪಟ್ಟಿಯ ವಿಳಾಸ ತಿಳಿಸುವ ಗುರುತು ಸಿಗುತ್ತದೆ. ಆ ಗುರುತಿರುವ ತುಂಡಿನ ಬೈಟುಗಳನ್ನೆಲ್ಲ ಕೂಡಿಸಿದಾಗ ಮೊತ್ತದ ಕೆಳಗಿನ ಎಂಟು ಬಿಟ್ಟುಗಳು ಸೊನ್ನೆಯಾಗಬೇಕೆಂಬ ತಾಳೆಯೂ ಇದೆ. ಬಯಾಸ್‌ನ ಹೊಸ ರೂಪವಾದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಹೀಗೆ ತಡಕಾಡುವಂತಿಲ್ಲ, ವಿಳಾಸವನ್ನು ಫರ್ಮ್‌ವೇರೇ (ಬೋರ್ಡಿನಲ್ಲಿರುವ ಆ ಪ್ರೋಗ್ರಾಮೇ) ಕಾರ್ಯವ್ಯವಸ್ಥೆಗೆ ಕೊಡುತ್ತದೆ.

ಪಟ್ಟಿಯ ರಚನೆ ಸರಳವಾಗಿದ್ದರೂ ಓದುವಾಗ ಎಚ್ಚರ ಬೇಕು. ಪ್ರತಿಯೊಂದು ದಾಖಲೆಯೂ ನಾಲ್ಕು ಬೈಟುಗಳ ತಲೆಬರಹದಿಂದ ಆರಂಭವಾಗುತ್ತದೆ: ಒಂದು ಬೈಟಿನಲ್ಲಿ ದಾಖಲೆಯ ಬಗೆ, ಒಂದರಲ್ಲಿ ಉದ್ದ, ಉಳಿದ ಎರಡರಲ್ಲಿ ಅದರ ಕ್ರಮಾಂಕ. ಬಗೆ 0 ಎಂದರೆ ಬಯಾಸ್, 1 ಇಡೀ ಯಂತ್ರ, 2 ಮದರ್‌ಬೋರ್ಡ್, 17 ರ‍್ಯಾಮ್ ಸ್ಲಾಟ್, 127 ಪಟ್ಟಿಯ ಮುಕ್ತಾಯ. ತಲೆಬರಹದ ಬೆನ್ನಿಗೇ ಬರುವ ಬೈಟುಗಳಲ್ಲಿ ತಯಾರಕರ ಹೆಸರಾಗಲಿ ಬೋರ್ಡಿನ ಹೆಸರಾಗಲಿ ನೇರವಾಗಿ ಇರುವುದಿಲ್ಲ, ಎಷ್ಟನೆಯ ಪದ ಎಂಬ ಸಂಖ್ಯೆ ಮಾತ್ರ ಇರುತ್ತದೆ. ನಿಜವಾದ ಪದಗಳು ದಾಖಲೆಯ ಬಾಲದಲ್ಲಿ ಒಂದರ ಹಿಂದೊಂದು ಸೊನ್ನೆ ಬೈಟಿನಿಂದ ಬೇರ್ಪಟ್ಟು ಕುಳಿತಿರುತ್ತವೆ, ಎರಡು ಸೊನ್ನೆ ಬೈಟುಗಳು ಒಟ್ಟಿಗೆ ಬಂದರೆ ದಾಖಲೆ ಮುಗಿಯಿತೆಂದು ಅರ್ಥ. ಎಣಿಕೆ 1ರಿಂದ ಶುರು. ಸಂಖ್ಯೆಯ ಜಾಗದಲ್ಲಿ 0 ಇದ್ದರೆ ಆ ವಿವರವನ್ನು ಕೊಟ್ಟೇ ಇಲ್ಲ. ಅರೇಯ ಎಣಿಕೆಯನ್ನು 0ಯಿಂದ ಆರಂಭಿಸಿ ರೂಢಿಯಾದವರು ಇಲ್ಲಿ ತಯಾರಕರ ಜಾಗದಲ್ಲಿ ಬೋರ್ಡಿನ ಹೆಸರನ್ನು ತೋರಿಸುವ ಪ್ರೋಗ್ರಾಮನ್ನು ಸುಲಭವಾಗಿ ಬರೆದುಬಿಡಬಹುದು.

ಇಷ್ಟನ್ನೂ ನಾವೇ ಬಿಡಿಸಬೇಕೆಂದೇನೂ ಇಲ್ಲ. ಲಿನಕ್ಸ್‌ನಲ್ಲಿ ಯಂತ್ರದ ವಿವರಗಳನ್ನು ಕಡತಗಳಂತೆ ತೋರಿಸುವ ಸಿಸ್ ಕಡತ ವ್ಯವಸ್ಥೆಯ ಡಿಎಂಐ ಕೋಶದೊಳಗೆ ತಯಾರಕರ ಹೆಸರು, ಬೋರ್ಡಿನ ಹೆಸರು, ಆವೃತ್ತಿ ಇವೆಲ್ಲ ಒಂದೊಂದು ಕಡತವಾಗಿ ಓದಲು ಸಿಗುತ್ತವೆ; ಅಲನ್ ಕಾಕ್ಸ್ ಆರಂಭಿಸಿ ಅನಂತರ ಜೀನ್ ಡೆಲ್ವಾರ್ ಮುಂದುವರಿಸಿದ, ಈ ಪಟ್ಟಿಯನ್ನು ಬಿಡಿಸಿ ತೋರಿಸುವ ಡಿಎಂಐಡಿಕೋಡ್ ಎಂಬ ಪ್ರೋಗ್ರಾಮ್ ಕೂಡ ಇದೆ. ವಿಂಡೋಸ್‌ನಲ್ಲಿ ಯಂತ್ರದ ವಿವರ ಕೇಳಲು ಇರುವ ಡಬ್ಲ್ಯುಎಂಐ ಎಂಬ ಸೌಲಭ್ಯದ ಮೂಲಕ ವಿನ್32 ಬೇಸ್‌ಬೋರ್ಡ್ ಎಂಬ ವರ್ಗವನ್ನು ಕೇಳಬಹುದು. ಹಳೆಯ ಡಬ್ಲ್ಯುಎಂಐಸಿ ಆಜ್ಞೆಯನ್ನು ನೆಚ್ಚಿಕೊಂಡ ಸ್ಕ್ರಿಪ್ಟುಗಳನ್ನು ಮಾತ್ರ ಈಗಲೇ ಬದಲಿಸುವುದು ಒಳ್ಳೆಯದು, ಏಕೆಂದರೆ ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಾ ಬಂದಿದೆ. ಪವರ್‌ಶೆಲ್‌ನ ಸಿಐಎಂ ಆಜ್ಞೆಗಳು ಅದೇ ವಿವರ ಕೊಡುತ್ತವೆ.

ತೊಡಕು ಇರುವುದು ಓದುವುದರಲ್ಲಲ್ಲ, ಓದಿದ್ದನ್ನು ನಂಬುವುದರಲ್ಲಿ. ಈ ಪಟ್ಟಿಯ ಹೆಸರುಗಳೆಲ್ಲ ತಯಾರಿಕೆಯ ಹೊತ್ತಿನಲ್ಲಿ ಯಾರೋ ಬಯಾಸ್‌ನಲ್ಲಿ ತುಂಬಬೇಕಾದ ಅಕ್ಷರಗಳು. ತುಂಬದೇ ಬಿಟ್ಟರೆ "ಟು ಬಿ ಫಿಲ್ಡ್ ಬೈ ಓ.ಇ.ಎಂ." (ತಯಾರಕರು ತುಂಬಬೇಕು) ಎಂದೋ "ಡೀಫಾಲ್ಟ್ ಸ್ಟ್ರಿಂಗ್" ಎಂದೋ ಹಾಗೆಯೇ ಉಳಿಯುತ್ತದೆ. ಅಗ್ಗದ ಬೋರ್ಡುಗಳಲ್ಲಿ ಇದು ಸಾಮಾನ್ಯ. ಕೆಲವದರಲ್ಲಿ ಹೆಸರಿನ ಜಾಗದಲ್ಲಿ ಬರೀ ಚಿಪ್‌ಸೆಟ್ಟಿನ, ಅಂದರೆ ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳೊಂದಿಗೆ ಜೋಡಿಸುವ ಮುಖ್ಯ ಚಿಪ್ಪಿನ, ಹೆಸರಿರುತ್ತದೆ. ಯಂತ್ರಕ್ಕೊಂದೇ ಇರಬೇಕಾದ ಗುರುತಿನ ಸಂಖ್ಯೆಯಾದ ಯುಯುಐಡಿಯ ಪಾಡೂ ಇದೇ. 03000200-0400-0500-0006-000700080009 ಎಂಬ ಯುಯುಐಡಿ ಬೇರೆ ಬೇರೆ ಬೋರ್ಡುಗಳಲ್ಲಿ ಕಂಡುಬರುತ್ತದೆ. ಅದರ ಮೊದಲ ಮೂರು ತುಂಡುಗಳ ಬೈಟುಗಳನ್ನು ತಿರುವಿ ಹಾಕಿದರೆ ಗುಟ್ಟು ಬಯಲಾಗುತ್ತದೆ: 2, 3, 4 ಎಂದು 9ರವರೆಗೆ ಸಾಲಾಗಿ ಬರೆದ ಅಂಕಿಗಳು, ಅಷ್ಟೇ. ಮಾನದಂಡವು ಆ ಮೂರು ತುಂಡುಗಳನ್ನು ತಿರುವಿ ಓದಲು ಹೇಳುತ್ತದೆ. ತಿರುವದೆ ಓದುವ ಪ್ರೋಗ್ರಾಮ್ ಅದೇ ಯಂತ್ರಕ್ಕೆ ಬೇರೊಂದು ಯುಯುಐಡಿ ತೋರಿಸುತ್ತದೆ. ಆದ್ದರಿಂದ ಗೊತ್ತಿರುವ ಇಂಥ ಹುಸಿ ಪದಗಳ ಪಟ್ಟಿಯೊಂದನ್ನು ಪ್ರೋಗ್ರಾಮಿನಲ್ಲಿಯೇ ಇಟ್ಟು, ತಾಳೆಯಾದರೆ ಆ ವಿವರ ಖಾಲಿ ಎಂದು ಪರಿಗಣಿಸುತ್ತೇನೆ.

ನಮ್ಮ ಮಂಡಿಯಲ್ಲಿ ಚೀಲಕ್ಕೆ ಹೊಲಿದ ಚೀಟಿ ಓದಿ ಯಾರೂ ಅಕ್ಕಿ ಕೊಳ್ಳುವುದಿಲ್ಲ, ಚೀಲಕ್ಕೆ ಚುಚ್ಚಿ ಹೊರಬಂದ ಕಾಳನ್ನು ಅಂಗೈಯಲ್ಲಿ ಹರಡಿ ನೋಡುತ್ತಾರೆ. ಬೋರ್ಡಿನ ವಿಷಯದಲ್ಲಿ ಹಾಗೆ ಚುಚ್ಚಿ ನೋಡಲು ಇರುವ ದಾರಿ ಪಿಸಿಐ, ಅಂದರೆ ಬೋರ್ಡಿನ ಸಾಧನಗಳನ್ನು ಪ್ರೊಸೆಸರಿಗೆ ಜೋಡಿಸುವ ವ್ಯವಸ್ಥೆ. ಬೋರ್ಡಿನ ಮೇಲಿರುವ ಪ್ರತಿ ಪಿಸಿಐ ಸಾಧನವೂ ಕೇಳಿದರೆ ತನ್ನ ತಯಾರಕ ಸಂಖ್ಯೆಯನ್ನೂ ಸಾಧನ ಸಂಖ್ಯೆಯನ್ನೂ ಹೇಳುತ್ತದೆ. ಹದಿನಾರರ ಎಣಿಕೆಯಲ್ಲಿ (0–9, ಎ–ಎಫ್) ಇಂಟೆಲ್‌ನದು 8086, ಎಎಂಡಿಯದು 1022. ಇಂಟೆಲ್ ಬೋರ್ಡುಗಳಲ್ಲಿ ಬಸ್ 0, ಸಾಧನ 31, ಫಂಕ್ಷನ್ 0 ಎಂಬ ಜಾಗದಲ್ಲಿರುವ, ಚಿಪ್‌ಸೆಟ್ಟಿನದೇ ಭಾಗವಾದ ಎಲ್‌ಪಿಸಿ ಸೇತುವೆಯ ಸಂಖ್ಯೆಯಿಂದ ಚಿಪ್‌ಸೆಟ್ ಯಾವುದೆಂದು ತಿಳಿಯುತ್ತದೆ. ಅಲ್ಲಿ 1ಸಿ5ಸಿ ಎಂದಿದ್ದರೆ ಅದು ಎಚ್61. ಅಷ್ಟು ತಿಳಿದರೆ ಬೋರ್ಡಿಗೆ ಹೆಸರೇ ಇಲ್ಲದಿದ್ದರೂ ಮಾಲೀಕರ ಪ್ರಶ್ನೆಗೆ ಉತ್ತರ ಸಿಕ್ಕಂತೆಯೇ: 2011ರಲ್ಲಿ ಬಂದ ಚಿಪ್‌ಸೆಟ್, 1155 ಪಿನ್ನಿನ ಸಾಕೆಟ್, ಡಿಡಿಆರ್3 ರ‍್ಯಾಮ್, ಹೆಚ್ಚೆಂದರೆ 16 ಜಿಬಿ, ಅದರಲ್ಲಿ ಕೂರುವ ಎರಡನೆಯ ಮತ್ತು ಮೂರನೆಯ ತಲೆಮಾರಿನ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ.

ಬೋರ್ಡ್ ತಯಾರಿಸಿದವರ ಸುಳಿವೂ ಇಲ್ಲಿಯೇ ಇದೆ. ಚಿಪ್ಪಿನ ತಯಾರಕ ಸಂಖ್ಯೆಯ ಜೊತೆಗೆ ಸಬ್‌ಸಿಸ್ಟಮ್ ತಯಾರಕ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಅದು ಆ ಚಿಪ್ಪನ್ನು ತಮ್ಮ ಬೋರ್ಡಿಗೆ ಬೆಸೆದವರದು: 1043 ಏಸಸ್, 1458 ಗಿಗಾಬೈಟ್, 1462 ಎಂಎಸ್‌ಐ. ವಿಂಡೋಸ್‌ನಲ್ಲಿ ಸಾಧನದ ಹಾರ್ಡ್‌ವೇರ್ ಐಡಿಯೊಳಗೆ ಸಬ್‌ಸಿಸ್ ಎಂದಿರುವ ಎಂಟು ಅಂಕಿಗಳಲ್ಲಿ ಕೊನೆಯ ನಾಲ್ಕು ಇದೇ ಸಂಖ್ಯೆ. ಇದನ್ನೂ ಫರ್ಮ್‌ವೇರೇ ಬರೆಯುವುದರಿಂದ ಪೂರಾ ನಂಬುವಂತಿಲ್ಲ. ಅಗ್ಗದ ಬೋರ್ಡುಗಳಲ್ಲಿ ಇಲ್ಲಿಯೂ ಇಂಟೆಲ್‌ನ 8086 ಉಳಿದುಕೊಂಡಿರಬಹುದು. ಹಾಗಿದ್ದರೂ ಎಸ್‌ಎಂಬಯಾಸ್ ಒಂದು ಹೆಸರು ಹೇಳಿ ಪಿಸಿಐ ಬೇರೊಂದು ಹೇಳಿದಾಗ, ಚಿಪ್‌ಸೆಟ್ಟಿನ ಮಟ್ಟಿಗೆ ನಾನು ಪಿಸಿಐ ಪಕ್ಷ. ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆಯೇ ಹೊರತು ಬೆರೆಸಿ ಒಂದು ಹೆಸರು ಮಾಡುವುದಿಲ್ಲ.

ತಂತ್ರಾಂಶದ ಪರವಾನಗಿಯನ್ನು ಬೋರ್ಡಿನ ಸೀರಿಯಲ್ ಸಂಖ್ಯೆಗೆ ಗಂಟು ಹಾಕುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಸಂಖ್ಯೆ ಖಾಲಿಯಿರುವ ಬೋರ್ಡುಗಳಲ್ಲಿ ಒಂದೇ ಪರವಾನಗಿ ಹತ್ತು ಕಡೆ ಓಡುತ್ತದೆ. ಸಂಖ್ಯೆಯಿರುವ ಬೋರ್ಡ್ ಸುಟ್ಟುಹೋದರೆ ಹಣ ಕೊಟ್ಟವರಿಗೇ ತಂತ್ರಾಂಶ ತೆರೆಯುವುದಿಲ್ಲ. ಲಿನಕ್ಸ್ ಕರ್ನೆಲ್ ಸೀರಿಯಲ್ ಸಂಖ್ಯೆಯ ಕಡತವನ್ನು ರೂಟ್ (ಪೂರ್ಣ ಅಧಿಕಾರವುಳ್ಳ) ಬಳಕೆದಾರರಿಗೆ ಮಾತ್ರ ತೆರೆದಿಟ್ಟಿರುವುದೂ ಸರಿಯಾಗಿಯೇ ಇದೆ. ನನ್ನ ಪ್ರೋಗ್ರಾಮ್ ಅದನ್ನು ಕೇಳುವುದೇ ಇಲ್ಲ. ಹೀಗಾಗಿ ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಿಲ್ಲ. ಅಂಗಡಿಯ ಗುಮಾಸ್ತರೇ ಪೆನ್‌ಡ್ರೈವಿನಿಂದ ಓಡಿಸಿ, ಬಂದ ವರದಿಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಬಹುದು.