ಎಂಟರಲ್ಲಿ ಐದು: ಅಕ್ಕ–ತಮ್ಮನ ಆಲ್ಬಮ್ ಎಲ್ಲಿಗೆ ಬಂತು

ನಮ್ಮ ಮೊದಲ ಆಲ್ಬಮ್‌ನ ಎಂಟು ಹಾಡುಗಳಲ್ಲಿ ಐದರ ಧ್ವನಿಮುದ್ರಣ ಮುಗಿದಿದೆ. ತಮ್ಮನದು ರ‍್ಯಾಪ್, ನನ್ನದು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಧಾಟಿಯ ಪಲ್ಲವಿಗಳು. ಸ್ಟುಡಿಯೊ ಎಂದರೆ ಮಂಡ್ಯದ ಮನೆಯ ಮಹಡಿ ಕೋಣೆ. ನನ್ನ ನೌಕರಿ ಮೈಸೂರಿನಲ್ಲಿ. ಶನಿವಾರ ಸಂಜೆಯ ರೈಲು ಇಳಿದ ಮೇಲೆಯೇ ಕೆಲಸ ಶುರು.

ಈ ತಿಂಗಳನ್ನು ನುಂಗಿದ್ದು ಪ್ರಾಸ. ಇಂಗ್ಲಿಷ್ ರ‍್ಯಾಪ್ ಕೇಳಿ ಬೆಳೆದ ತಮ್ಮ ಸಾಲಿನ ಕೊನೆಯಲ್ಲಿಯೇ ಅದನ್ನು ಹುಡುಕುತ್ತಿದ್ದ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ಅದು ತೀರಾ ಅಗ್ಗದ ಸರಕು. ‘ಬರುತ್ತೇನೆ, ಇರುತ್ತೇನೆ, ತರುತ್ತೇನೆ’ ಎಂದು ಹದಿನಾರು ಸಾಲು ಎಳೆಯಬಹುದು. ಹೇಳುವವನಿಗೆ ಶ್ರಮವಿಲ್ಲ, ಕೇಳುವವರಿಗೆ ಸುಖವಿಲ್ಲ. ಆಗ ನನಗೆ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ ಹಳಗನ್ನಡ ಪದ್ಯಗಳು ನೆನಪಾದವು. ಅಲ್ಲಿ ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ತಮ್ಮ ಮುಖ ಸಿಂಡರಿಸಿದ. ಎರಡು ದಿನ ಬಿಟ್ಟು ಇದನ್ನು ಕಳುಹಿಸಿದ:

ಕಬ್ಬಿನ ಗಾಡಿಯ ಸಾಲಿನ ಕೊನೆಗೆ
ಹಬ್ಬದ ಸಾಲವೂ ನಿಂತಿದೆ

ನಿಮಿಷಕ್ಕೆ 88 ಬಡಿತದ ತಾಳದ ಮೇಲೆ ಹೇಳಿದಾಗ ಕಿಕ್ ಡ್ರಮ್ಮಿನ ಬೆನ್ನಿಗೇ ಆ ‘ಬ್ಬ’ ಬಂದು ಗುದ್ದುತ್ತದೆ. ಮೂರನೆಯ ಹಾಡನ್ನು ಪೂರ್ತಿ ಅಳಿಸಿ ಹೀಗೆಯೇ ಮತ್ತೆ ಬರೆದಿದ್ದಾನೆ. ಈಗ ಆದಿಪ್ರಾಸವನ್ನು ತಾನೇ ಕಂಡುಹಿಡಿದವನಂತೆ ಗೆಳೆಯರಿಗೆ ಪಾಠ ಹೇಳುತ್ತಿದ್ದಾನೆ, ಇರಲಿ.

ನಾಲ್ಕನೆಯ ಹಾಡಿಗೆ ಹಳೆಯ ಚಿತ್ರಗೀತೆಯೊಂದರ ನಾಲ್ಕು ಸೆಕೆಂಡು ಕತ್ತರಿಸಿಕೊಳ್ಳುವ ಆಸೆಯಿತ್ತು. ರಾಗ ಸಂಯೋಜನೆಗೆ ಒಂದು ಅನುಮತಿ, ಧ್ವನಿಮುದ್ರಣಕ್ಕೆ ಇನ್ನೊಂದು ಬೇಕು. ಕೈಬಿಟ್ಟೆವು. ಅದರ ಜಾಗಕ್ಕೆ ಮನೆಯ ಹಾರ್ಮೋನಿಯಂ ಬಂತು. ಸೋಲ್ ಸಂಗೀತದ ಹ್ಯಾಮಂಡ್ ಆರ್ಗನ್ನಿನ ದನಿ ತಿರುಗುವ ಲೆಸ್ಲಿ ಸ್ಪೀಕರಿನಿಂದ ಅಲೆಯಲೆಯಾಗಿ ಬರುತ್ತದೆ. ನಾವು ಹಾರ್ಮೋನಿಯಂ ಮುಂದೆ ಟೇಬಲ್ ಫ್ಯಾನ್ ಇಟ್ಟು ನೋಡಿದೆವು. ಮುದ್ರಣವಾದದ್ದು ಫ್ಯಾನು. ಕೊನೆಗೆ ಕಂಪ್ಯೂಟರಿನಲ್ಲಿಯೇ ದನಿಯನ್ನು ಏರಿಳಿಸುವ ಟ್ರೆಮೊಲೊ ಹಾಕಿದೆವು.

ನನ್ನ ಹಾಡಿಕೆಯದು ಬೇರೆ ತಕರಾರು. ಕರ್ನಾಟಕ ಸಂಗೀತ ಕಲಿತ ಗಂಟಲು ಪ್ರತಿ ಸ್ವರಕ್ಕೂ ಗಮಕ ಹಾಕಿ ಅಲುಗಿಸಲು ಹೊರಡುತ್ತದೆ. ಆದರೆ ಸೋಲ್ ಹಾಡಿಕೆಯ ಬ್ಲೂ ನೋಟ್ ಎಂಬ ಸ್ವರವು ‘ಗ’ ಸ್ವರದ ಎರಡು ರೂಪಗಳಾದ ಸಾಧಾರಣ ಗಾಂಧಾರ ಮತ್ತು ಅಂತರ ಗಾಂಧಾರಗಳ ನಡುವೆ ಎಲ್ಲೋ ತೂಗುತ್ತದೆ. ಅಲ್ಲಿಗೆ ತಲುಪುವುದು ನನಗೆ ಸುಲಭ, ಅಲ್ಲಿ ಅಲುಗಾಡದೆ ನಿಲ್ಲುವುದು ಕಷ್ಟ. ಐದನೆಯ ಹಾಡನ್ನು ಇಪ್ಪತ್ತೆರಡು ಸಲ ಹಾಡಿದ್ದೇನೆ, ಇಟ್ಟುಕೊಂಡದ್ದು ಒಂಬತ್ತನೆಯದನ್ನು. ಅದರ ಹಿಂದೆ ಕಬ್ಬಿನ ಲಾರಿಯೊಂದು ಗುಡುಗಿತ್ತು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರಿನಲ್ಲಿ ಕತ್ತರಿಸಿದಾಗ ಗುಡುಗು ಹೋಯಿತು, ಹಾರ್ನ್ ಉಳಿಯಿತು. ಅದು ಶ್ರುತಿಯಲ್ಲಿರುವುದರಿಂದ ಇರಲಿ ಎಂಬುದು ತಮ್ಮನ ವಾದ. ಶ್ರುತಿಯಲ್ಲಿ ಇಲ್ಲ.

ಖರ್ಚಿನ ಲೆಕ್ಕ ನನ್ನದೇ. ‘ಅಕ್ಕ, ನೀನು ಮ್ಯಾನೇಜರ್ ಥರ ಆಡುತ್ತೀಯ’ ಎಂದು ತಮ್ಮ ದೂರಿದಾಗ ಅವನ ಆರಾಧ್ಯ ಡಿಜೆ ಕೂಲ್ ಹರ್ಕ್‌ನ ಕಥೆ ನೆನಪಿಸಿದೆ. ಹಿಪ್‌ಹಾಪ್ ಹುಟ್ಟಿದ್ದೆಂದು ಹೇಳುವ 1973ರ ಆಗಸ್ಟ್ 11ರ ನ್ಯೂಯಾರ್ಕಿನ ಬ್ರಾಂಕ್ಸ್ ಪಾರ್ಟಿಯನ್ನು ಏರ್ಪಡಿಸಿದ್ದು ಅವನ ತಂಗಿ ಸಿಂಡಿ ಕ್ಯಾಂಬೆಲ್, ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ. ತಮ್ಮ ಸುಮ್ಮನಾದ.

ಆರನೆಯ ಹಾಡಿಗೆ ತಾಳವಿದೆ, ಪಲ್ಲವಿಯಿಲ್ಲ. ಈ ಶನಿವಾರ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಶ್ರೀರಂಗಪಟ್ಟಣ ದಾಟುವುದರೊಳಗೆ ಎರಡು ಸಾಲಾದರೂ ಬರೆಯಬೇಕು.